ಅಣ್ಣನ ಅಂಗಡಿಯ ವಿಡಿಯೋ ಗೇಮ್ ಕ್ಯಾಸೆಟ್‌ಗಳೆಲ್ಲ ಡೂಪ್ಲಿಕೇಟಂತೆ, ಏನು ಮಾಡಲಿ?

ಮಂಡ್ಯದ ತಂಗಿ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಣ್ಣ 1990ರ ದಶಕದಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯ ಕಡೆಗೆ ಹೋಗುವ ರಸ್ತೆಯಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ಎರಡು ಟಿ.ವಿ., ಎರಡು ಗೇಮ್ ಪೆಟ್ಟಿಗೆ, ಗೋಡೆಗೆ ಒತ್ತಿಸಿ ಹಾಕಿದ ಒಂದು ಉದ್ದ ಬೆಂಚು, ಇಷ್ಟೇ ಬಂಡವಾಳ. ಶಾಲೆ ಬಿಟ್ಟ ಮೇಲೆ ಹುಡುಗರು ಬರುತ್ತಿದ್ದರು. ಕಬ್ಬು ಅರೆಯುವ ದಿನಗಳಲ್ಲಿ ಸರದಿಗೆ ಕಾಯುತ್ತಿದ್ದ ಲಾರಿಯವರೂ ಬಂದು ಕೂರುತ್ತಿದ್ದರು. ಆಮೇಲೆ ಊರಿಗೆ ಕಂಪ್ಯೂಟರ್ ಸೆಂಟರ್‌ಗಳು ಬಂದವು, ಅಣ್ಣ ಅಂಗಡಿ ಮುಚ್ಚಿದ.

ಈಗ ಮನೆಗೆ ಸುಣ್ಣಬಣ್ಣ ಮಾಡಿಸೋಣವೆಂದು ಅಟ್ಟ ಖಾಲಿ ಮಾಡಿಸಿದಾಗ ಅದೆಲ್ಲ ಒಂದೇ ಟ್ರಂಕಿನಲ್ಲಿ ಸಿಕ್ಕಿತು. ಎರಡು ಬೂದುಬಣ್ಣದ ಪೆಟ್ಟಿಗೆ, ನಾಲ್ಕು ರಿಮೋಟು, ಒಂದು ಗನ್ನು, ಮೂವತ್ತಕ್ಕೂ ಹೆಚ್ಚು ಕ್ಯಾಸೆಟ್, ಭಾರವಾದ ಅಡಾಪ್ಟರ್‌ಗಳು, ಲೆಕ್ಕದ ಪುಸ್ತಕ, ಮತ್ತು ಅಣ್ಣನೇ ಬಣ್ಣದಲ್ಲಿ ಬರೆದ ‘ಅರ್ಧ ಗಂಟೆಗೆ 3 ರೂಪಾಯಿ, ಸಾಲ ಕೇಳಬೇಡಿ’ ಎಂಬ ರಟ್ಟಿನ ಬೋರ್ಡು. ಹಳೆಯ ಸಾಮಾನು ಕೊಳ್ಳುವವರೊಬ್ಬರಿಗೆ ಫೋಟೊ ಕಳಿಸಿದೆ. ‘ಒಂದೂ ಅಸಲಿಯಲ್ಲ, ಎಲ್ಲ ಡೂಪ್ಲಿಕೇಟ್, ಒಟ್ಟು ಐನೂರು ರೂಪಾಯಿ ಕೊಡುತ್ತೇನೆ’ ಎಂದರು. ಮನೆಯವರು ಗುಜರಿಗೆ ಹಾಕು ಎನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಮುಂದಿನ ತಿಂಗಳು ಅಣ್ಣನಿಗೆ ಐವತ್ತೈದು ತುಂಬುತ್ತದೆ. ಅವನಿಗೆ ತಿಳಿಯದ ಹಾಗೆ ಆ ದಿನ ಇವನ್ನೆಲ್ಲ ಜೋಡಿಸಿ, ಆಟ ಓಡುವಂತೆ ಮಾಡಬೇಕೆಂಬ ಆಸೆ. ಇಷ್ಟು ವರ್ಷ ಅಟ್ಟದಲ್ಲಿದ್ದ ಪೆಟ್ಟಿಗೆಗೆ ಕರೆಂಟು ಕೊಡಬಹುದೇ? ಹೊಸ ಟಿ.ವಿ.ಗೆ ಆ ಗನ್ನು ಕೆಲಸ ಮಾಡುತ್ತದೆಯೇ? ಡೂಪ್ಲಿಕೇಟ್ ಎಂದರೆ ನಿಜವಾಗಿಯೂ ಇಟ್ಟುಕೊಳ್ಳುವಂಥದ್ದಲ್ಲವೇ? ತಿಳಿದವರು ಹೇಳಿ.

ಬೆಳಗೊಳದ ಓದುಗ

ಮೇಡಂ, ಮಾರುಕಟ್ಟೆಯ ದೃಷ್ಟಿಯಿಂದ ಅವರು ಹೇಳಿದ್ದು ಸರಿ. ಜಪಾನಿನ ಅಸಲಿ ಕ್ಯಾಸೆಟ್‌ಗಳಿಗೆ, ಅದರಲ್ಲೂ ರಟ್ಟಿನ ಡಬ್ಬಿ ಮತ್ತು ಕೈಪಿಡಿ ಇದ್ದರೆ, ಹೊರದೇಶಗಳಲ್ಲಿ ಒಳ್ಳೆಯ ಬೆಲೆಯಿದೆ. ನಕಲಿಗೆ ಅದಿಲ್ಲ. ಅಣ್ಣನವರಿಗೆ ಆಟವಾಡಿಸುವುದೇ ಉದ್ದೇಶವಾದರೆ, ಟಿ.ವಿ.ಯ ಹಿಂಭಾಗಕ್ಕೆ ಸಿಕ್ಕಿಸುವ ಸಣ್ಣ ಕಡ್ಡಿಯಂಥ ಸಾಧನ ಆನ್‌ಲೈನಿನಲ್ಲಿ ಸಿಗುತ್ತದೆ. ಹಳೆಯ ಆಟಗಳು ಸಾವಿರಗಟ್ಟಲೆ ಅದರಲ್ಲೇ ಇರುತ್ತವೆ, ಜೊತೆಗೆ ತಂತಿಯಿಲ್ಲದ ಎರಡು ರಿಮೋಟು. ಹಳೆಯ ವಿದ್ಯುತ್ ಸಾಮಾನಿನ ಅಪಾಯವೂ ಇರುವುದಿಲ್ಲ. ಕ್ಯಾಸೆಟ್‌ಗಳನ್ನು ಶೋಕೇಸಿನಲ್ಲಿ ಅಂದಕ್ಕೆ ಇಡಿ.

ಅರವತ್ತು ಪಿನ್ನು, ಮೈಸೂರು

ಮೇಡಂ, ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ, ಮಿಕ್ಕಿದ್ದನ್ನು ನಿಧಾನವಾಗಿ ಓದಿ. ಆ ಟ್ರಂಕನ್ನು ಯಾರಿಗೂ ಕೊಡಬೇಡಿ. ಆ ಅಡಾಪ್ಟರನ್ನು ಪರೀಕ್ಷೆ ಮಾಡಿಸದೆ ಪ್ಲಗ್ಗಿಗೆ ಹಾಕಬೇಡಿ.

ನಾನು ಇರ್ವಿನ್ ರಸ್ತೆಯ ಹತ್ತಿರದ ಒಂದು ಟಿ.ವಿ. ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತವನು. ಬೇಸಿಗೆ ರಜೆ ಶುರುವಾದರೆ ಟಿ.ವಿ.ಗಳಿಗಿಂತ ಗೇಮ್ ಪೆಟ್ಟಿಗೆಗಳೇ ಹೆಚ್ಚಾಗಿ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಅಂದಿನಿಂದ ಈ ಜಾತಿಯ ಸಾಮಾನು ಎಲ್ಲಿ ಕಂಡರೂ ಎತ್ತಿಟ್ಟುಕೊಳ್ಳುತ್ತ ಬಂದಿದ್ದೇನೆ. ನನ್ನ ಬಳಿ ಜಪಾನಿನ ಅಸಲಿಯೂ ಇದೆ. ಆದರೂ ಹೇಳುತ್ತೇನೆ, ನಿಮ್ಮ ಟ್ರಂಕಿನಂಥದ್ದು ನನ್ನ ಬಳಿಯಿಲ್ಲ.

ಡೂಪ್ಲಿಕೇಟ್ ಎಂದವರು ಸುಳ್ಳು ಹೇಳಿಲ್ಲ. ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ನಿಮ್ಮದು ಅದರ ನಕಲು. ಇಂಥ ಎಷ್ಟೋ ಪೆಟ್ಟಿಗೆಗಳ ಮುಖ್ಯ ಚಿಪ್‌ಗಳು ತೈವಾನಿನ ಯುಎಂಸಿ ಕಂಪನಿಯವು. ಮುಚ್ಚಳ ತೆಗೆದರೆ ಯುಎ6527ಪಿ, ಯುಎ6538 ಎಂಬ ಬರಹ ಕಾಣಬಹುದು. ಎರಡನೆಯದು ಸೆಕೆಂಡಿಗೆ 50 ಸಲ ಚಿತ್ರ ಬರೆಯುವ, ‘ಪಾಲ್’ ಎಂಬ ಪದ್ಧತಿಯ ನಮ್ಮ ಟಿ.ವಿ.ಗಳಿಗೆಂದೇ ಹೊಂದಿಸಿದ ಚಿಪ್ಪು. ಅಸಲಿ ಫ್ಯಾಮಿಕಾಮ್ ಜಪಾನಿನ ಟಿ.ವಿ.ಗಳಿಗೆ 60ರ ಲೆಕ್ಕದಲ್ಲಿ ಓಡುತ್ತಿತ್ತು. ಅಂದರೆ ಆ ನಕಲು ಮಾಡಿದವರು ನಮ್ಮಂಥವರ ಮನೆಯ ಟಿ.ವಿ.ಯನ್ನು ನೆನಪಿನಲ್ಲಿಟ್ಟುಕೊಂಡೇ ಕೆಲಸ ಮಾಡಿದ್ದರು.

ಅಸಲಿಯನ್ನು ಮಂಡ್ಯದಲ್ಲಿ ಕಂಡವರಾದರೂ ಯಾರು? 1995ರಲ್ಲಿ ಶಾ ವ್ಯಾಲೇಸ್ ಕಂಪನಿ ಜಪಾನಿನ ಇನ್ನೊಂದು ಗೇಮ್ ಕಂಪನಿ ಸೆಗಾದ ಮೆಗಾ ಡ್ರೈವ್ ಯಂತ್ರವನ್ನು ಭಾರತಕ್ಕೆ ತಂದಾಗ ಅದರ ಬೆಲೆ 18,000 ರೂಪಾಯಿ. ಆ ಕಾಲದಲ್ಲಿ ಅಷ್ಟು ಹಣ ಕೊಟ್ಟು ಮಕ್ಕಳಿಗೆ ಆಟದ ಪೆಟ್ಟಿಗೆ ತರುವ ಮನೆಗಳು ಮೈಸೂರಿನಲ್ಲೂ ಬೆರಳೆಣಿಕೆಯಷ್ಟು. ಮಾರಿಯೊ, ಕಾಂಟ್ರಾ, ಟ್ಯಾಂಕ್, ರೋಡ್ ಫೈಟರ್ ನಮ್ಮ ಕಣ್ಣಿಗೆ ಬಿದ್ದಿದ್ದು ನಿಮ್ಮ ಅಣ್ಣನವರಂಥ ಅಂಗಡಿಗಳಲ್ಲಿ, ಅರ್ಧ ಗಂಟೆಗೆ ಮೂರು ರೂಪಾಯಿ ಕೊಟ್ಟು. ಫ್ಯಾಮಿಕಾಮ್ ಮತ್ತು ಅದರ ಅಮೆರಿಕದ ರೂಪ ಎರಡೂ ಸೇರಿ ಜಗತ್ತಿನಲ್ಲೆಲ್ಲ 6 ಕೋಟಿ 19 ಲಕ್ಷ ಮಾರಾಟವಾದವು ಎಂಬುದು ನಿಂಟೆಂಡೊದ ಲೆಕ್ಕ. ಆ ಲೆಕ್ಕದಲ್ಲಿ ನಿಮ್ಮ ಅಣ್ಣನವರ ಎರಡು ಪೆಟ್ಟಿಗೆಗಳಿಲ್ಲ, ಬೆಂಚಿನ ಮೇಲೆ ಕೂತಿದ್ದ ಲಾರಿ ಡ್ರೈವರೂ ಇಲ್ಲ. ಜಪಾನಿನ ಅಸಲಿ ಕ್ಯಾಸೆಟ್‌ಗಳಿಗೆ ಪಟ್ಟಿಯಿದೆ, ಪುಸ್ತಕಗಳಿವೆ, ಜೋಪಾನ ಮಾಡುವ ಸಾವಿರಾರು ಜನರಿದ್ದಾರೆ. ನಮ್ಮ ಊರಿನ ಅಂಗಡಿಗಳಿಗೆ ಯಾರಿದ್ದಾರೆ?

ಅದಕ್ಕೇ ನಾನು ಒತ್ತಿ ಹೇಳುವುದು ಒಂದೇ: ಎಲ್ಲವನ್ನೂ ಒಟ್ಟಿಗೇ ಇಡಿ. ಬಿಡಿ ಕ್ಯಾಸೆಟ್ಟು ನನಗೂ ಗುಜರಿಯಲ್ಲಿ ಸಿಗುತ್ತದೆ. ಆದರೆ ಒಂದೇ ಅಂಗಡಿಯ ಪೆಟ್ಟಿಗೆ, ಅದೇ ಅಂಗಡಿಯ ಬೋರ್ಡು, ಲೆಕ್ಕದ ಪುಸ್ತಕ, ಹುಡುಗರ ಬೆರಳಿಗೆ ಸವೆದ ಅದೇ ರಿಮೋಟು ಒಟ್ಟಿಗೆ ಉಳಿದಿರುವುದು ತೀರ ಅಪರೂಪ. ಇದನ್ನು ಐನೂರಕ್ಕೆ ಕೊಡುವುದೆಂದರೆ ತೇರನ್ನು ಬಿಚ್ಚಿ ಸೌದೆಯ ಲೆಕ್ಕದಲ್ಲಿ ತೂಗಿದ ಹಾಗೆ. ಐದು ಸಾವಿರಕ್ಕೂ ಕೊಡಬೇಡಿ. ಬೆಳಗೊಳದವರು ಹೇಳಿದ ಕಡ್ಡಿಯಲ್ಲಿ ಆಟಗಳಿರುವುದು ನಿಜ, ಅಣ್ಣನವರ ಅಂಗಡಿ ಇರುವುದಿಲ್ಲ.

ಒಂದು ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ನೋಡಿ. ಕೆಳಗಿನ ಬಾಯಿಯಲ್ಲಿ ತಾಮ್ರದ ಬಣ್ಣದ ಸಣ್ಣ ಪಟ್ಟಿಗಳ ಸಾಲು ಕಾಣುತ್ತದೆ, ಒಂದು ಬದಿಗೆ 30, ಇನ್ನೊಂದು ಬದಿಗೆ 30. ನನ್ನ ಹೆಸರು ಬಂದದ್ದು ಅಲ್ಲಿಂದಲೇ. ಒಳಗೆ ಹಸಿರು ಹಲಗೆಯ ನಡುವೆ ಕಾಲುಗಳಿರುವ ಚಿಪ್ಪಿನ ಬದಲು ಕರಿಯ ಅಂಟಿನ ಗುಳ್ಳೆಯೊಂದು ಇರಬಹುದು. ಖರ್ಚು ಉಳಿಸಲು ಚಿಪ್ಪನ್ನು ನೇರವಾಗಿ ಹಲಗೆಗೆ ಕೂರಿಸಿ ಮೇಲೆ ಅಂಟು ಸುರಿಯುತ್ತಿದ್ದರು. ಆ ಗುಳ್ಳೆಯನ್ನು ಕೆರೆಯಲು ಹೋಗಬೇಡಿ. ಮೇಲಿನ ಚೀಟಿಯನ್ನೂ ಗಮನಿಸಿ, ಚಿತ್ರದಲ್ಲಿರುವ ವೀರನಿಗೂ ಒಳಗಿನ ಆಟಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ‘9999 ಇನ್ 1’ ಎಂದಿದ್ದರೆ ಅದರಲ್ಲಿ ಕೆಲವೇ ಆಟಗಳು, ಅವೇ ಬೇರೆ ಬೇರೆ ಹಂತದಿಂದ ಶುರುವಾಗುತ್ತವೆ. ಆಟಗಳ ಪಟ್ಟಿ ಬರುವ ಪರದೆಯಲ್ಲಿ ಕಡಲತೀರ, ಹಾರುವ ಹಕ್ಕಿಗಳು ಕಂಡರೆ ಅದನ್ನು ಬೇರೆ ಎತ್ತಿಡಿ. ಅಣ್ಣನವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಇನ್ನು ಕರೆಂಟಿನ ವಿಚಾರ. ಅಡಾಪ್ಟರಿನ ಮೇಲೆ 9 ವೋಲ್ಟ್ ಎಂದು ಬರೆದಿರಬೇಕು. ಅದನ್ನು ಟಿ.ವಿ. ಮೆಕ್ಯಾನಿಕ್ ಬಳಿ ಕೊಂಡೊಯ್ದು ವೈರಿನ ಹೊದಿಕೆ ಬಿರುಕು ಬಿಟ್ಟಿದೆಯೇ ನೋಡಿಸಿ, ಮೀಟರಿನಲ್ಲಿ ಅಳೆಯಿಸಿ. ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಅಡಾಪ್ಟರ್ ಪೆಟ್ಟಿಗೆಗೆ ಸಿಕ್ಕಿಸದೆ ಅಳೆದಾಗ 12 ಅಥವಾ 13 ವೋಲ್ಟ್ ತೋರಿಸುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಗಮನಿಸಬೇಕಾದದ್ದು ಪ್ಲಸ್ಸು ಮೈನಸ್ಸು. ಫ್ಯಾಮಿಕಾಮಿನಲ್ಲಿ ಪಿನ್ನಿನ ನಡುಭಾಗ ಮೈನಸ್, ಹೊರಭಾಗ ಪ್ಲಸ್. ನಕಲುಗಳಲ್ಲೂ ಹೆಚ್ಚಿನವು ಹಾಗೆಯೇ. ಈಗ ಮನೆಯಲ್ಲಿರುವ ವೈಫೈ ಪೆಟ್ಟಿಗೆಯ ಅಡಾಪ್ಟರ್ ಸಾಮಾನ್ಯವಾಗಿ ತದ್ವಿರುದ್ಧ, ಅದೂ 12 ವೋಲ್ಟಿನದು. ಪಿನ್ನು ಸರಿಯಾಗಿ ಕೂರುತ್ತದೆ ಎಂದು ಅದನ್ನು ಚುಚ್ಚಿಬಿಟ್ಟರೆ ಪೆಟ್ಟಿಗೆಯ ಆಯುಸ್ಸು ಅಲ್ಲಿಗೆ ಮುಗಿಯಿತು. ಒಳಗೆ ಅಲ್ಯೂಮಿನಿಯಂ ತಗಡಿಗೆ ಸ್ಕ್ರೂ ಹಾಕಿದ 7805 ಎಂಬ ಮೂರು ಕಾಲಿನ ಬಿಡಿಭಾಗವಿರುತ್ತದೆ. 9 ವೋಲ್ಟನ್ನು 5ಕ್ಕೆ ಇಳಿಸುವುದು ಅದೇ. ಅದರ ಪಕ್ಕದ ಕೆಪಾಸಿಟರ್‌ನ ತಲೆ ಉಬ್ಬಿದ್ದರೆ ಬದಲಾಯಿಸಿ ಎನ್ನಿ. ಎರಡೂ ಕೆಲವೇ ರೂಪಾಯಿಗಳ ಸಾಮಾನು, ಇಂದಿಗೂ ಸಿಗುತ್ತವೆ.

ಗನ್ನು ಹೊಸ ಟಿ.ವಿ.ಗೆ ಕೆಲಸ ಮಾಡುವುದಿಲ್ಲ. ಗನ್ನಿನಿಂದ ಬೆಳಕು ಹೊರಗೆ ಹೋಗುವುದಿಲ್ಲ, ಟಿ.ವಿ.ಯ ಬೆಳಕು ಗನ್ನಿನೊಳಗೆ ಬರುತ್ತದೆ. ಬಾತುಕೋಳಿ ಹೊಡೆಯುವ ಆಟದಲ್ಲಿ ನೀವು ಗನ್ನಿನ ಕುದುರೆ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿಯ ಚೌಕ ಮೂಡುತ್ತದೆ. ಮೊದಲು ಕತ್ತಲೆ, ಕೂಡಲೇ ಬೆಳಕು, ಇವೆರಡನ್ನೂ ನಳಿಗೆಯೊಳಗಿನ ಕಣ್ಣು ಕಂಡರೆ ಹಕ್ಕಿ ಬಿತ್ತು ಎಂದು ಲೆಕ್ಕ. ಪಿಕ್ಚರ್ ಟ್ಯೂಬಿನ ಟಿ.ವಿ. ಚಿತ್ರವನ್ನು ಬಂದಂತೆಯೇ ಬರೆಯುತ್ತದೆ. ಹೊಸ ಟಿ.ವಿ. ಚಿತ್ರವನ್ನು ಹಿಡಿದಿಟ್ಟು, ತಿದ್ದಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಗನ್ನು ನೋಡುವ ಹೊತ್ತು ಮೀರಿರುತ್ತದೆ. ಹಾಗಾಗಿ ಹದಿನಾಲ್ಕು ಇಂಚಿನ ಟ್ಯೂಬ್ ಟಿ.ವಿ.ಯೊಂದನ್ನು ಹುಡುಕಿ, ಚಿತ್ರ ಮತ್ತು ಧ್ವನಿಯ ವೈರು ಸಿಕ್ಕಿಸುವ ಎ.ವಿ. ತೂತು ಇರುವುದಾದರೆ ಇನ್ನೂ ಒಳ್ಳೆಯದು. ಅದರ ಹಿಂದಿನ ಮುಚ್ಚಳವನ್ನು ಮಾತ್ರ ಮನೆಯಲ್ಲಿ ಯಾರೂ ತೆಗೆಯಬಾರದು. ಬಣ್ಣದ ಟ್ಯೂಬಿಗೆ ಹೋಗುವುದು 20 ಸಾವಿರ ವೋಲ್ಟಿನ ಆಸುಪಾಸು, ಪ್ಲಗ್ಗು ಕಿತ್ತ ಮೇಲೂ ಅದು ಉಳಿದಿರಬಹುದು.

ಕ್ಯಾಸೆಟ್ಟಿಗೆ ಬಾಯಿಂದ ಊದುವುದನ್ನು ನಿಲ್ಲಿಸಿ. ನಾವೆಲ್ಲ ಊದಿದವರೇ, ಆದರೆ ಉಸಿರಿನ ತೇವ ಪಟ್ಟಿಗಳನ್ನು ತಿನ್ನುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಬಾಟಲಿ ತನ್ನಿ, ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಮೇಲಿನಿಂದ ಕೆಳಕ್ಕೆ ಒರೆಸಿ. ಹತ್ತಿ ಕಪ್ಪಾಗುತ್ತದೆ, ಬದಲಾಯಿಸಿ ಮತ್ತೆ ಒರೆಸಿ. ಚೀಟಿಗೆ ತಾಗಿಸಬೇಡಿ, ಶಾಯಿ ಕದಡುತ್ತದೆ. ಪೂರ್ತಿ ಒಣಗಿದ ಮೇಲೆಯೇ ಪೆಟ್ಟಿಗೆಗೆ ಹಾಕಿ.

ಮಂಡ್ಯದ ತಂಗಿ

ಸರ್, ನಿಮ್ಮ ಉತ್ತರವನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ಇನ್ನು ಯಾರೂ ಗುಜರಿಯ ಮಾತೆತ್ತುವುದಿಲ್ಲ.

ಲೆಕ್ಕದ ಪುಸ್ತಕ ಬಿಡಿಸಿ ಕೂತೆ. ಹೆಸರು ಗೊತ್ತಿಲ್ಲದವರನ್ನು ಅಣ್ಣ ಗುರುತಿನಿಂದಲೇ ಬರೆದಿಟ್ಟಿದ್ದಾನೆ. ‘ಹಾಲಿನವರ ಮಗ, ಒಂದೂವರೆ ಬಾಕಿ’, ‘ನೀಲಿ ಲಾರಿ, ಕೊಟ್ಟಾಯಿತು’, ‘ಮೇಷ್ಟ್ರ ಹುಡುಗ, ಪರೀಕ್ಷೆ ಮುಗಿಯುವವರೆಗೆ ಬಿಡಬಾರದು’ ಎಂದೆಲ್ಲ ಇದೆ. ಹಿಂದಿನ ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ‘ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ’ ಎಂದು ಬರೆದು ಸುತ್ತಲೂ ಚೌಕ ಹಾಕಿದ್ದಾನೆ. ಇದೇನು? ಪುಸ್ತಕದ ಅಂಚುಗಳು ಉದುರುತ್ತಿವೆ, ಲ್ಯಾಮಿನೇಷನ್ ಮಾಡಿಸಲೇ?

ಅಡಾಪ್ಟರ್‌ಗಳಲ್ಲಿ ಒಂದು ಚೆನ್ನಾಗಿದೆ ಎಂದು ಮೆಕ್ಯಾನಿಕ್ ಹೇಳಿದರು. ಇನ್ನೊಂದರ ವೈರು ಮುಟ್ಟಿದರೆ ಪುಡಿಯಾಗುತ್ತಿತ್ತು, ಅದನ್ನು ಬೇರೆ ಇಟ್ಟಿದ್ದೇನೆ. ಪೆಟ್ಟಿಗೆಗಳು ಹಳದಿಗಟ್ಟಿವೆ, ಬಿಳಿ ಮಾಡುವ ಉಪಾಯವಿದೆಯೇ? ಟ್ಯೂಬ್ ಟಿ.ವಿ. ಇನ್ನೂ ಸಿಕ್ಕಿಲ್ಲ.

ನಜರ್‌ಬಾದ್ ಟೋಕನ್

ಅಕ್ಕಾ, ಟಿ.ವಿ. ನಾನು ಕೊಡುತ್ತೇನೆ. ನಮ್ಮ ಮನೆಯಲ್ಲಿ ಹದಿನಾಲ್ಕು ಇಂಚಿನದು ಸುಸ್ಥಿತಿಯಲ್ಲಿದೆ, ಹಿಂದೆ ಹಳದಿ ಮತ್ತು ಬಿಳಿ ತೂತುಗಳಿವೆ. ಕಾರು ತಂದರೆ ನಾನೇ ಎತ್ತಿ ಇಡುತ್ತೇನೆ. ಕೆಲಸ ಮುಗಿದ ಮೇಲೆ ವಾಪಸು ಕೊಡಿ, ಅವಸರವಿಲ್ಲ.

ನಾನು ಬೆಳೆದದ್ದು ಕಾಯಿನ್ ಹಾಕುವ ದೊಡ್ಡ ಯಂತ್ರಗಳ ಮುಂದೆ. ದಸರಾ ಬಂದರೆ ವಸ್ತುಪ್ರದರ್ಶನದ ಮೈದಾನದಲ್ಲಿ ಮನೆಯವರೆಲ್ಲ ಹಪ್ಪಳ, ಬಜ್ಜಿಯ ಅಂಗಡಿ ಹುಡುಕಿದರೆ ನಾನು ವಿಡಿಯೋ ಗೇಮ್ ಮಳಿಗೆ ಹುಡುಕುತ್ತಿದ್ದೆ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್’ ಆಟವನ್ನು ನಮ್ಮ ಕಡೆ ಆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ಹಳದಿ ಟೋಪಿಯ ಮುಸ್ತಫಾ ಅದರಲ್ಲಿದ್ದ, ಆಟಕ್ಕೆ ಅವನದೇ ಹೆಸರು. ಓಡಿ ಬಂದು ಎಗರಿ ಒದೆಯುವ ಅವನ ಪಾತ್ರಕ್ಕೆ ಹುಡುಗರು ಕಿತ್ತಾಡುತ್ತಿದ್ದರು. ಅಲ್ಲಿಂದ ಉಳಿದ ಹಿತ್ತಾಳೆಯ ಟೋಕನ್‌ಗಳು ಇಂದಿಗೂ ನನ್ನ ಮೇಜಿನ ಮೇಲಿವೆ. ಅಣ್ಣನವರ ಅಂಗಡಿಯಲ್ಲಿ ಟೋಕನ್ ಇತ್ತೇ, ಬರೀ ಗಡಿಯಾರ ನೋಡಿ ಲೆಕ್ಕವೇ? ಟ್ರಂಕಿನ ತಳದಲ್ಲಿ ಅಲಾರಂ ಗಡಿಯಾರ ಏನಾದರೂ ಇದೆಯೇ ನೋಡಿ. ಅಂಥ ಅಂಗಡಿಗಳಲ್ಲಿ ಹೊತ್ತು ಅಳೆಯಲು ಅದನ್ನು ಟಿ.ವಿ. ಮೇಲೆ ಇಟ್ಟಿದ್ದನ್ನು ನಾನು ಕಂಡಿದ್ದೇನೆ.

ಅರವತ್ತು ಪಿನ್ನು, ಮೈಸೂರು

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಅಂಟು ಕಾಗದದೊಳಗೆ ಇಳಿದರೆ ಮತ್ತೆ ತೆಗೆಯಲು ಬರುವುದಿಲ್ಲ. ಪ್ರತಿ ಪುಟವನ್ನೂ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದಿಡಿ, ಪುಸ್ತಕವನ್ನು ಬಿಳಿ ಕಾಗದದಲ್ಲಿ ಸುತ್ತಿ ಒಣಗಿದ ಡಬ್ಬಿಯಲ್ಲಿಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಇಡೀ ಟ್ರಂಕಿನಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ನಾನು ಆ ಪುಸ್ತಕವನ್ನೇ ಉಳಿಸಿಕೊಳ್ಳುತ್ತೇನೆ. ಯಾರು ಬಂದರು, ಎಷ್ಟು ಹೊತ್ತು ಆಡಿದರು, ಎಷ್ಟು ಕೊಟ್ಟರು ಎಂಬುದನ್ನು ಬರೆದಿಟ್ಟ ಇಂಥ ಇನ್ನೊಂದು ಪುಸ್ತಕವನ್ನು ನಾನು ನೋಡಿಲ್ಲ.

ಕೆಂಪು ಪೆನ್ನಿನ ಸಾಲು ಓದಿ ನನಗೆ ಮೈ ಜುಂ ಎಂದಿತು. ಅದು ಕಾಂಟ್ರಾ ಆಟದಲ್ಲಿ 30 ಜೀವ ಕೊಡುವ ಗುಟ್ಟು. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಎಂಬವರು ಗ್ರೇಡಿಯಸ್ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಹೊಂದಿಸುತ್ತಿದ್ದಾಗ, ಅದು ಅವರಿಗೇ ಕಷ್ಟವಾಗಿ, ಪರೀಕ್ಷೆ ಮಾಡಲು ಸುಲಭವಾಗಲೆಂದು ಈ ಗುಂಡಿಗಳ ಸಾಲನ್ನು ಒಳಗೆ ಸೇರಿಸಿದ್ದರು. ಆ ಆಟ ಬಂದದ್ದು 1986ರಲ್ಲಿ, ಕಾಂಟ್ರಾ ಮನೆಯ ಯಂತ್ರಕ್ಕೆ ಬಂದದ್ದು 1988ರಲ್ಲಿ. ಹಶಿಮೊಟೊ 2020ರಲ್ಲಿ ತೀರಿಕೊಂಡರು. ಜಪಾನಿನ ಒಬ್ಬರು ತಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು, ಇಂಟರ್ನೆಟ್ ಇಲ್ಲದ ಕಾಲದಲ್ಲಿ, ಬಾಯಿಂದ ಬಾಯಿಗೆ ಮಂಡ್ಯದ ಬೆಂಚಿನವರೆಗೆ ಬಂದು ಕನ್ನಡದಲ್ಲಿ ರಟ್ಟಿನ ಮೇಲೆ ಕೂತಿದೆ. ಅಣ್ಣನವರಿಗೆ ಅದನ್ನು ಹೇಳಿಕೊಟ್ಟವರು ಯಾರು ಎಂದು ದಯವಿಟ್ಟು ಕೇಳಿ, ಅವರು ಹೇಳಿದ್ದನ್ನು ಬರೆದಿಡಿ. ಬೋರ್ಡು ಬರೆದ ವರ್ಷ, ಪೆಟ್ಟಿಗೆ ಎಲ್ಲಿಂದ ತಂದರು, ಎಷ್ಟು ಕೊಟ್ಟರು, ಯಾವ ಆಟಕ್ಕೆ ಹೆಚ್ಚು ಜನ, ಎಲ್ಲವನ್ನೂ ಕೇಳಿ. ಫೋನಿನಲ್ಲಿ ಅವರ ಮಾತನ್ನೇ ಹಿಡಿದಿಟ್ಟುಕೊಂಡರೆ ಇನ್ನೂ ಮೇಲು.

ಹಳದಿ ಬಣ್ಣವನ್ನು ಹಾಗೆಯೇ ಬಿಡಿ. ಬೆಂಕಿ ಬೇಗ ಹತ್ತದಿರಲೆಂದು ಪ್ಲಾಸ್ಟಿಕ್ಕಿಗೆ ಬೆರೆಸುತ್ತಿದ್ದ ಬ್ರೋಮಿನ್ ಸಂಯುಕ್ತಗಳು, ಬಿಸಿಲು, ವಯಸ್ಸು ಇವೆಲ್ಲ ಸೇರಿ ಹಾಗಾಗುತ್ತದೆ ಎನ್ನುತ್ತಾರೆ. ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬಿಳಿ ಮಾಡುವವರಿದ್ದಾರೆ, ಆದರೆ ಸ್ವಲ್ಪ ಹೆಚ್ಚಾದರೆ ಬಿಳಿ ಮಚ್ಚೆ ಬೀಳುತ್ತದೆ, ಹಳದಿ ಮರಳಿ ಬರುವುದೂ ಉಂಟು. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ರಿಮೋಟಿನ ಗುಂಡಿ ಒತ್ತಿದ್ದು ತಿಳಿಯದಿದ್ದರೆ ಹಿಂದಿನ ಸ್ಕ್ರೂ ಬಿಚ್ಚಿ, ಒಳಗಿನ ಕಾರ್ಬನ್ ರಬ್ಬರನ್ನು ಅದೇ ಆಲ್ಕೊಹಾಲಿನಲ್ಲಿ ಹಗುರವಾಗಿ ಒರೆಸಿ.

ಮೊದಲು ಟ್ಯಾಂಕ್ ಆಟ ಹಾಕಿ, ನನ್ನ ಮಾತು ಕೇಳಿ. ನಾಮ್ಕೊ 1985ರಲ್ಲಿ ತಂದ ‘ಬ್ಯಾಟಲ್ ಸಿಟಿ’ ಅದು. ಇಬ್ಬರು ಒಂದೇ ಕಡೆ ನಿಂತು ಕೆಳಗಿನ ಹದ್ದನ್ನು ಕಾಯಬೇಕು, 35 ಹಂತ. ಇಟ್ಟಿಗೆ ಗೋಡೆಯನ್ನು ನಾವೇ ಕಟ್ಟಿಕೊಳ್ಳುವ ಅವಕಾಶವೂ ಅದರಲ್ಲಿದೆ. ಅಣ್ಣನವರ ಪಕ್ಕದಲ್ಲಿ ಎರಡನೇ ರಿಮೋಟು ಹಿಡಿದು ನೀವೇ ಕೂರಿ.

ಮಂಡ್ಯದ ತಂಗಿ

ನಜರ್‌ಬಾದಿನವರ ಟಿ.ವಿ. ಮನೆಗೆ ಬಂತು, ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಅಣ್ಣ ಬೆಂಗಳೂರಿಗೆ ಹೋಗಿದ್ದ ದಿನ ಜೋಡಿಸಿ ನೋಡಿದೆವು. ಒಂದು ಪೆಟ್ಟಿಗೆ ಓಡಿತು! ಟ್ಯಾಂಕ್ ಬಂತು, ಮಾರಿಯೊ ಬಂತು, ಗನ್ನಿನಲ್ಲಿ ನನ್ನ ಮಗಳು ಹಕ್ಕಿ ಹೊಡೆದಳು. ಟ್ರಂಕಿನ ತಳದಲ್ಲಿ ಅಲಾರಂ ಗಡಿಯಾರವೂ ಇತ್ತು, ಮುಳ್ಳು ಮುರಿದಿದೆ. ಕಾಂಟ್ರಾ ಕ್ಯಾಸೆಟ್ಟು ಮಾತ್ರ ಎಷ್ಟು ಒರೆಸಿದರೂ ಬೂದು ಪರದೆಯನ್ನೇ ತೋರಿಸುತ್ತಿದೆ. ಅಣ್ಣ ಮೊದಲು ಕೇಳುವುದೇ ಅದನ್ನು. ಎರಡೂ ಬದಿಯ ಫೋಟೊ ಹಾಕಿದ್ದೇನೆ, ಸರ್, ದಯವಿಟ್ಟು ನೋಡಿ.

ಅರವತ್ತು ಪಿನ್ನು, ಮೈಸೂರು

ನೋಡಿದೆ. ಚೀಟಿ ಇರುವ ಬದಿಯಲ್ಲಿ ಎಡದಿಂದ ನಾಲ್ಕನೇ ಪಟ್ಟಿ ಹಲಗೆಯಿಂದ ಎದ್ದಿದೆ, ತುದಿಯಲ್ಲಿ ಕೂದಲೆಳೆಯಷ್ಟು ಬಿರುಕೂ ಕಾಣುತ್ತಿದೆ. ಗುಳ್ಳೆಗೆ ಏನೂ ಆದಂತಿಲ್ಲ. ಸಣ್ಣ ತಂತಿ ಬೆಸುಗೆ ಹಾಕಿದರೆ ಓಡುವ ಸಂಭವ ಹೆಚ್ಚು. ಮತ್ತೆ ಪೆಟ್ಟಿಗೆಗೆ ತುರುಕಬೇಡಿ, ಪಟ್ಟಿ ಪೂರ್ತಿ ಕಿತ್ತು ಬರುತ್ತದೆ. ಈ ಭಾನುವಾರ ಮೈಸೂರಿಗೆ ತನ್ನಿ, ಓಡದ ಪೆಟ್ಟಿಗೆಯನ್ನೂ ತನ್ನಿ. ಬೆಸುಗೆಗೆ ನಾನು ಹಣ ತೆಗೆದುಕೊಳ್ಳುವುದಿಲ್ಲ, ಲೆಕ್ಕದ ಪುಸ್ತಕವನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಲು ಕೊಡಿ.